ಸಹಾಯ ಬೇಕು: ‘ಸತಿ ಸುಲೋಚನ’ ಚಿತ್ರದ ಹಾಡಿನ ಪುಸ್ತಕ, ಕರಪತ್ರ

ಎಲ್ಲರಿಗೂ ನಮಸ್ಕಾರ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕೊಲ್ಹಾಪುರದ ಸ್ಟುಡಿಯೋದಲ್ಲಿ ವೈ. ವಿ. ರಾವ್ ನಿರ್ದೇಶಿಸಿದ ಚಿತ್ರ ಅದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ನಾಗೇಂದ್ರರಾಯರ ರಾವಣ ಹೇಗೆ ಗರ್ಜಿಸಿದ್ದನೋ ಕೇಳುವ ಭಾಗ್ಯ ನಮಗಿಲ್ಲ!

ಆ ಕಾಲದ ನೈಟ್ರೇಟ್ ರೀಲುಗಳಿಗೆ ಬೆಂಕಿ ಬೇಗ ತಗಲುತ್ತಿತ್ತು. ಸುಮ್ಮನೆ ಇಟ್ಟರೂ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತಿದ್ದವು. ಎಷ್ಟೋ ರೀಲುಗಳನ್ನು ಅವುಗಳಲ್ಲಿನ ಬೆಳ್ಳಿಗಾಗಿ ಕರಗಿಸಿದರು. ಪುಣೆಯಲ್ಲಿ ರಾಷ್ಟ್ರೀಯ ಚಿತ್ರ ಸಂಗ್ರಹಾಲಯ ಆರಂಭವಾಗಿದ್ದೇ 1964ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಕೂಡ ಹೀಗೆಯೇ ಕಳೆದುಹೋಗಿದೆ.

ಆದ್ದರಿಂದ ನಾನು ರೀಲು ಕೇಳುತ್ತಿಲ್ಲ, ಕಾಗದ ಕೇಳುತ್ತಿದ್ದೇನೆ. ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಕರಪತ್ರ, ಸ್ಥಿರಚಿತ್ರ, ಟಿಕೆಟ್ಟಿನ ತುಂಡು, ಯಾವುದಾದರೂ ಸರಿ. ಅದೇ ವರ್ಷದ ‘ಭಕ್ತ ಧ್ರುವ’ದ್ದಾದರೂ ಸಂತೋಷ. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಅಂಥದ್ದೊಂದು ಪುಸ್ತಕವಿತ್ತಂತೆ. ಮನೆ ಬದಲಿಸುವಾಗ ರದ್ದಿಗೆ ಹೋಯಿತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಹಳೆಯ ನಾಟಕ ಕಂಪನಿಯವರ ಮನೆತನದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಅಟ್ಟದ ಮೇಲೊಮ್ಮೆ ನೋಡಿ. ಮೂಲ ಪ್ರತಿ ನಿಮ್ಮಲ್ಲೇ ಇರಲಿ, ಮೊಬೈಲಿನಲ್ಲಿ ತೆಗೆದ ಸ್ಪಷ್ಟವಾದ ಫೋಟೋ ಸಾಕು. ಹರಿದ ಪುಟಗಳನ್ನು ಮಾತ್ರ ಅಂಟುಪಟ್ಟಿಯಿಂದ ಜೋಡಿಸಬೇಡಿ.