ಇಯಾನ್ ಚಂಡಮಾರುತ ಬಡಿದ ಫೋರ್ಟ್ ಮೈಯರ್ಸ್ ಬೀಚಿಗೆ ಈಗ ಹೋಗಬಹುದಾ?

ಹಾಸನದ ಮೇಷ್ಟ್ರು:
ಮಗಳು, ಅಳಿಯ ಫ್ಲೋರಿಡಾದ ಟ್ಯಾಂಪಾದಲ್ಲಿದ್ದಾರೆ. ಫೆಬ್ರವರಿಗೆ ನಾನೂ ನಮ್ಮನೆಯವರೂ ಹೊರಟಿದ್ದೇವೆ. ಅಲ್ಲಿಂದ ಕಾರಲ್ಲಿ ಎರಡೂವರೆ ಗಂಟೆ ದಾರಿಯಂತೆ, ಫೋರ್ಟ್ ಮೈಯರ್ಸ್ ಬೀಚಿಗೆ ಕರ್ಕೊಂಡು ಹೋಗ್ತೀನಿ ಅಂತಾಳೆ ಮಗಳು. 2022ರ ಸೆಪ್ಟೆಂಬರಲ್ಲಿ ಇಯಾನ್ ಬಂದು ಆ ಊರನ್ನ ಗುಡಿಸಿ ಹಾಕಿದ್ದನ್ನ ಟೀವಿಯಲ್ಲಿ ನೋಡಿದ್ದೆ. 2024ರಲ್ಲಿ ಹೆಲೀನ್, ಮಿಲ್ಟನ್ ಬೇರೆ. ನಮ್ಮನೆಯವರದ್ದು ಒಂದೇ ಮಾತು: "ಮನೆಮಠ ಕಳ್ಕೊಂಡೋರ ಊರಿಗೆ ಸಮುದ್ರ ನೋಡೋಕೆ ಹೋಗ್ತಾರೇನ್ರೀ?" ಗೊತ್ತಿದ್ದೋರು ಹೇಳಿ.

ಮೂಡಿಗೆರೆ ತೋಟದವ:
ಧಾರಾಳವಾಗಿ ಹೋಗಿ ಸಾರ್. ತಮ್ಮ ಆ ಕಡೆ ಇರೋದ್ರಿಂದ ನಾನೂ ನೋಡಿ ಬಂದಿದ್ದೇನೆ. ಟೀವಿಯಲ್ಲಿ ಕಂಡ ರಾಶಿ ರಾಶಿ ಹಲಗೆ, ತಗಡು ಈಗಿಲ್ಲ. ಕಣ್ಣಿಗೆ ಬೀಳೋದು ಖಾಲಿ ಸೈಟುಗಳು. ಎಸ್ಟೆರೋ ಬುಲೆವಾರ್ಡ್ ಅಂತ ದ್ವೀಪದುದ್ದಕ್ಕೂ ಒಂದು ರಸ್ತೆ. ಒಂದು ಹೊಸ ಹೋಟೆಲು, ಪಕ್ಕದಲ್ಲೇ ಹುಲ್ಲು ಬೆಳೆದ ಜಾಗ, ಅದರಾಚೆ ಕಂಬದ ಮೇಲೆ ಏಳ್ತಿರೋ ಮನೆ. ಕಂಬ ಯಾಕೆ ಅಂದ್ರೆ, ಅವತ್ತು ಜೀವ ತೆಗೆದದ್ದು ಗಾಳಿಗಿಂತ ನೀರು. ಗಂಟೆಗೆ ಸುಮಾರು 240 ಕಿ.ಮೀ. ಗಾಳಿ ಸಮುದ್ರವನ್ನೇ ದಡಕ್ಕೆ ದೂಡಿ, ಕೆಲವು ಕಡೆ 15 ಅಡಿವರೆಗೆ ನೀರು ಏರಿತು. ಹಳೇ ಕಾಲದ ತಗ್ಗು ಮನೆಗಳು ಎಲ್ಲಿ ನಿಲ್ತಾವೆ?

ಅಮ್ಮಾವ್ರ ಪ್ರಶ್ನೆಗೆ ಬರ್ತೀನಿ. 2019ರ ಆಗಸ್ಟ್ ಮಳೆಗೆ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸೀತು. ನಮ್ಮ ಹೋಂಸ್ಟೇ ಅಲ್ಲಿಂದ ದೂರ, ಒಂದು ಹೆಂಚೂ ಅಲುಗಿರಲಿಲ್ಲ. ಆದ್ರೂ ಬುಕಿಂಗ್ ಎಲ್ಲಾ ಕ್ಯಾನ್ಸಲ್. ಅಡುಗೆಗೆ ಬರೋ ಹೆಂಗಸರು "ಈ ವಾರನಾದ್ರೂ ಜನ ಬರ್ತಾರಾ ಅಣ್ಣ?" ಅಂತ ಕೇಳೋರು. ಅಲ್ಲಿ ಬೀಚಲ್ಲಿ ಕುರ್ಚಿ ಬಾಡಿಗೆಗೆ ಕೊಡೋನಿಗೂ ಅದೇ ಚಿಂತೆ ಮಾರಾಯ್ರೆ. ದೊಡ್ಡ ರೆಸಾರ್ಟು ಹೇಗೋ ಬದುಕ್ಕೊಳ್ಳುತ್ತೆ, ನೀವು ಸಣ್ಣ ಅಂಗಡಿಗೆ ಕಾಸು ಕೊಡಿ. ಒಂದೇ ಒಂದು: ಬಿದ್ದ ಮನೆ ಜಾಗದಲ್ಲಿ ಫೋಟೋ ತೆಗೆಸ್ಕೋಬೇಡಿ. ಕುಸಿದ ತೋಟದ ಮುಂದೆ ಹಲ್ಲು ಕಿರಿದು ಸೆಲ್ಫಿ ತಗೊಂಡೋರನ್ನ ನೋಡಿ ಮೈ ಉರಿದಿದೆ ನನಗೆ.

ಬೇಲೂರಿನವಳು:
ಪಕ್ಕದ ಸಾನಿಬೆಲ್ ದ್ವೀಪ ಬಿಡಬೇಡಿ ಸಾರ್, ಚಿಪ್ಪುಗಳಿಗೇ ಹೆಸರಾದ ಜಾಗ. ಅಲ್ಲಿಗೆ ಹೋಗೋ ಸೇತುವೆ ರಸ್ತೆ ಇಯಾನ್‌ಗೆ ತುಂಡಾಗಿತ್ತು, ಅಕ್ಟೋಬರಲ್ಲೇ ತಾತ್ಕಾಲಿಕವಾಗಿ ಸರಿಮಾಡಿ ಬಿಟ್ಟರು. (ನಮ್ಮ ಶಿರಾಡಿ ಘಾಟ್ ನೆನಪಾದ್ರೆ ನಾನೇನೂ ಹೇಳಲ್ಲ.) ಒಳಗೆ ಜೀವ ಇರೋ ಚಿಪ್ಪು ಮಾತ್ರ ಎತ್ಕೊಳ್ಳೋ ಹಾಗಿಲ್ಲ. ಫೆಬ್ರವರಿ ಒಳ್ಳೇ ಸಮಯ, ಚಂಡಮಾರುತದ ಕಾಲ ಜೂನಿಂದ ನವೆಂಬರ್. ಫೋರ್ಟ್ ಮೈಯರ್ಸ್ ಪೇಟೆಯಲ್ಲಿ ಎಡಿಸನ್ ಚಳಿಗಾಲ ಕಳೀತಿದ್ದ ಮನೆ ಇದೆ. ಅಲ್ಲಿ 1925ರಲ್ಲಿ ಟಯರ್ ಕಂಪನಿಯ ಫೈರ್‌ಸ್ಟೋನ್ ಕೊಟ್ಟ ಆಲದ ಸಸಿ ಈಗ ದೊಡ್ಡ ತೋಪಿನ ಹಾಗೆ ಹರಡಿದೆ.

ಹಾಸನದ ಮೇಷ್ಟ್ರು:
ನಮ್ಮನೆಯವರಿಗೆ ಇದನ್ನೆಲ್ಲಾ ಓದಿ ಹೇಳಿದೆ. ಕುರ್ಚಿಯವನ ವಿಷಯಕ್ಕೆ ಒಪ್ಪಿದರು. ಆದ್ರೆ ಅವರಿಗೆ ಮಂಡಿನೋವು, ಮನೆಗಳೆಲ್ಲಾ ಕಂಬದ ಮೇಲೆ ಅಂದ್ರಲ್ಲ?

ಮೂಡಿಗೆರೆ ತೋಟದವ:
ಒಳ್ಳೇ ಪ್ರಶ್ನೆ. ಬಾಡಿಗೆ ಮನೆಗಳಿಗೆ ಮೆಟ್ಟಿಲು ಜಾಸ್ತಿ. ಬುಕ್ ಮಾಡೋ ಮುಂಚೆ ಮಗಳ ಹತ್ರ ಫೋನ್ ಮಾಡಿಸಿ, ಲಿಫ್ಟ್ ಇದೆಯಾ, ಓಡ್ತಾ ಇದೆಯಾ ಅಂತ ಎರಡೂ ಕೇಳಿಸಿ.