ಪದಚರ್ಚೆ: ‘ವರ್ಚುವಲ್ ವಿಸಿಟ್’ ಎಂಬುದಕ್ಕೆ ಬ್ಯಾನರಿನಲ್ಲಿ ಏನು ಬರೆಯೋಣ?

ಪ್ರಶ್ನೆ, ಚಿತ್ರದುರ್ಗದಿಂದ:

ಮಾನ್ಯರೆ, ನಮ್ಮ ಪ್ರೌಢಶಾಲೆಯ ಮಕ್ಕಳು ತರಗತಿಯಲ್ಲೇ ಕುಳಿತು, ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿರುವ ವಿಜ್ಞಾನಿಗಳೊಡನೆ ಪ್ರೊಜೆಕ್ಟರ್ ಪರದೆಯ ಮೂಲಕ ಒಂದು ಪಿರಿಯಡ್ ಮಾತನಾಡುವ ಕಾರ್ಯಕ್ರಮ ಸೋಮವಾರ ಆರಂಭವಾಗಲಿದೆ. ಸುತ್ತೋಲೆಯ ಕನ್ನಡ ಪ್ರತಿಯಲ್ಲಿ ಇದನ್ನು ‘ಮಿಥ್ಯಾ ಭೇಟಿ’ ಎಂದು ಕರೆಯಲಾಗಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೇ ಇರುವುದರಿಂದ, ‘ಭೇಟಿ’ ಎಂದೊಡನೆ ಪೋಷಕರು ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. ಬ್ಯಾನರ್ ಬರೆಯುವವರಿಗೆ ನಾಳೆ ಸಂಜೆಯೊಳಗೆ ಪದ ಕೊಡಬೇಕಾಗಿದೆ.

ಉತ್ತರ, ದಾವಣಗೆರೆಯಿಂದ:

‘ಮಿಥ್ಯಾ’ ಬೇಡವೇ ಬೇಡ. ಅದು ದ್ಯುತಿವಿಜ್ಞಾನದ ಪದ. ಅಲ್ಲಿ ಬೆಳಕಿನ ಕಿರಣಗಳು ನಿಜವಾಗಿ ಸಂಧಿಸದೆ, ಸಂಧಿಸಿದಂತೆ ತೋರುವುದರಿಂದ ಮೂಡುವುದನ್ನು ಮಿಥ್ಯ ಪ್ರತಿಬಿಂಬ ಎನ್ನುತ್ತೇವೆ, ಮತ್ತು ಅದನ್ನು ಪರದೆಯ ಮೇಲೆ ಹಿಡಿಯಲು ಬರುವುದಿಲ್ಲ. ತಮ್ಮ ಪ್ರೊಜೆಕ್ಟರ್ ಪರದೆಯ ಮೇಲೆ ಮೂಡಿಸುವುದು ಸತ್ಯ ಪ್ರತಿಬಿಂಬ! ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇದನ್ನು ಆ ವಿಜ್ಞಾನಿಯ ಎದುರಿಗೇ ಎತ್ತಿ ತೋರಿಸಿದರೆ ಸುತ್ತೋಲೆ ಬರೆದವರು ಏನು ಹೇಳುತ್ತಾರೆ? ‘ತೆರೆಭೇಟಿ’ ಎನ್ನಿ.

ಉತ್ತರ:

‘ತೆರೆಭೇಟಿ’ ಅರಿಸಮಾಸ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನನ್ನು ಒಮ್ಮೆ ತೆರೆದು ನೋಡುವುದು ಒಳಿತು.

ಉತ್ತರ, ದಾವಣಗೆರೆಯಿಂದ:

ತೆರೆದೇ ಬರೆದಿದ್ದೇನೆ. ಅರಿಸಮಾಸದ ದೋಷ ಕನ್ನಡಕ್ಕೂ ಸಂಸ್ಕೃತಕ್ಕೂ ಗಂಟು ಹಾಕಿದಾಗ. ‘ಭೇಟಿ’ ಮರಾಠಿ, ಹಿಂದಿಗಳ ‘ಭೇಟ್’ ಬಳಗದ್ದು. ಮಹಾಪ್ರಾಣ ಕಂಡ ಪದವೆಲ್ಲ ಸಂಸ್ಕೃತವಾಗುವುದಿಲ್ಲ.

ಉತ್ತರ:

ಹಾಗಾದರೆ ಅದು ಎರವಲು ಎಂದು ತಾವೇ ಒಪ್ಪಿದಂತಾಯಿತು. ಎರವಲನ್ನು ಓಡಿಸಲು ಹೊರಟು ಇನ್ನೊಂದು ಎರವಲನ್ನು ಒಳಗೆ ಕೂರಿಸುವುದಾದರೆ ‘ವಿಡಿಯೋ’ ಮಾಡಿದ ಪಾಪವೇನು? ‘ಕಾಣ್ಕೆ’ ಇದೆ, ‘ತೆರೆಗಾಣ್ಕೆ’ ಎನ್ನಬಹುದು.

ಉತ್ತರ, ಇನ್ನೊಬ್ಬರಿಂದ:

‘ಕಾಣ್ಕೆ’ ಎಂದರೆ ಈ ಕಡೆ ಮಠಕ್ಕೆ ಸಲ್ಲಿಸುವ ಕಾಣಿಕೆ ನೆನಪಾಗುತ್ತದೆ. ವಿಜ್ಞಾನಿಗೆ ಮಕ್ಕಳು ಹಣ ಕೊಡಬೇಕೆಂದು ಯಾರೂ ಭಾವಿಸದಿರಲಿ. ಸಲಕರಣೆಯ ಹೆಸರೂ ಬೇಡ. ಅಮೆರಿಕದಲ್ಲಿ 2017ರಲ್ಲಿ ತರಗತಿಗಳಿಗೆ ವಿಜ್ಞಾನಿಗಳನ್ನು ಜೋಡಿಸಲು ಹೊರಟ ಕಾರ್ಯಕ್ರಮವೊಂದು ‘ಸ್ಕೈಪ್ ಎ ಸೈಂಟಿಸ್ಟ್’ ಎಂದು ಹೆಸರಿಟ್ಟುಕೊಂಡಿತು, ಆದರೆ ಸ್ಕೈಪ್ ಎಂಬ ಆ ವಿಡಿಯೋ ಕರೆಯ ಸೇವೆಯೇ 2025ರ ಮೇ ತಿಂಗಳಲ್ಲಿ ನಿಂತುಹೋಯಿತು. ತಮ್ಮ ಕಾರ್ಯಕ್ರಮದಲ್ಲಿ ನಡೆಯುವುದು ಮಕ್ಕಳ ಪ್ರಶ್ನೆ, ವಿಜ್ಞಾನಿಯ ಉತ್ತರ. ಆದ್ದರಿಂದ ‘ಸಂವಾದ’ ಸಾಕು.

ಉತ್ತರ:

ಸಂಸ್ಕೃತಕ್ಕೇ ಬಂದು ನಿಂತಿರಿ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ‘ತರಗತಿಯಲ್ಲೇ ವಿಜ್ಞಾನಿಯೊಡನೆ ಸಂವಾದ’ ಎಂದು ಬರೆಯಲು ಹೇಳಿದ್ದೇನೆ. ‘ತರಗತಿಯಲ್ಲೇ’ ಎಂಬ ಮಾತಿನಿಂದ ಬಸ್ಸಿನ ಪ್ರಶ್ನೆ ಏಳುವುದಿಲ್ಲ. ‘ತೆರೆಭೇಟಿ’ ಸುಂದರವಾಗಿದೆ, ಆದರೆ ಅದನ್ನು ಬ್ಯಾನರಿನ ಕೆಳಗೆ ನಿಂತು ವಿವರಿಸಲು ಇನ್ನೊಬ್ಬ ಶಿಕ್ಷಕರು ಬೇಕಾಗುತ್ತಾರೆ.

ಉತ್ತರ, ದಾವಣಗೆರೆಯಿಂದ:

‘ಮೊಬೈಲ್’ ಎಂಬುದನ್ನು ಯಾವ ಶಿಕ್ಷಕರು ವಿವರಿಸಿದರು? ಬರೆಯದೆ ಪದ ಹೇಗೆ ಬಳಕೆಗೆ ಬರಬೇಕು, ತಿಳಿಸಿ.