ಮುಳುಗಿದ ಹಡಗಿನ ಸರಕು ಎತ್ತುವ ಕಂಪನಿಗೆ ದುಡ್ಡು ಹಾಕಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು

ಆಳ ಸಮುದ್ರದಲ್ಲಿ ಮುಳುಗಿರೋ ಹಳೇ ಹಡಗುಗಳಿಂದ ಚಿನ್ನ, ಬೆಳ್ಳಿ ಎತ್ತೋ ಕಂಪನಿಗಳ ಬಗ್ಗೆ ಕೆಲವು ತಿಂಗಳಿಂದ ಓದ್ತಾ ಇದ್ದೀನಿ. ಸ್ನೇಹಿತರೊಬ್ಬರು ಅಂಥ ಒಂದು ಕಂಪನಿಯ ಷೇರು ತಗೊಂಡಿದ್ದಾರೆ. ಇನ್ನೊಂದು ಕಡೆ ಒಂದೇ ಒಂದು ಹಡಗಿಗೆ ಅಂತ ಪಾಲು ಬಂಡವಾಳ ಕೇಳ್ತಿದ್ದಾರೆ, ಸಿಕ್ಕರೆ ಹಾಕಿದ್ದರ ಹತ್ತು ಪಟ್ಟು ಅಂತಾರೆ. ದುಡ್ಡು ಹಾಕಿದವರು, ಈ ಕೆಲಸವನ್ನ ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಿ. ಏನು ನೋಡಿ ತೀರ್ಮಾನ ಮಾಡಬೇಕು?

ಷೇರು ಇಟ್ಟುಕೊಂಡಿದ್ದವರು

ನಾನು ಈ ಕ್ಷೇತ್ರದ ಒಂದು ಕಂಪನಿಯ ಷೇರು ಕೆಲವು ವರ್ಷ ಇಟ್ಟುಕೊಂಡಿದ್ದು ಆಮೇಲೆ ಮಾರಿದೆ. ಅದರ ಹೆಸರು ಬೇಡ. ಹಡಗು ಸಿಕ್ಕಿತು ಅನ್ನೋ ಸುದ್ದಿ ಬಂದ ದಿನ ಬೆಲೆ ಚಿಮ್ಮುತ್ತೆ, ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇಳಿಯುತ್ತೆ. ಆದಾಯ ಬರೋದು ಯಾವತ್ತೋ, ಖರ್ಚು ಮಾತ್ರ ದಿನಾ. ಆ ಖರ್ಚಿಗೆ ಕಂಪನಿ ಹೊಸ ಷೇರು ಹೊರಡಿಸ್ತಾ ಹೋಗುತ್ತೆ, ನಮ್ಮ ಪಾಲು ಕರಗ್ತಾ ಬರುತ್ತೆ. ಅದಕ್ಕೇ ವಾರ್ಷಿಕ ವರದಿ ಬಂದರೆ ನಾನು ಮೊದಲು ನೋಡ್ತಿದ್ದದ್ದು ಒಟ್ಟು ಷೇರು ಎಷ್ಟಾಯ್ತು ಅಂತ. ಹಡಗಿನ ಫೋಟೋ ಆಮೇಲೆ.

ಈ ವ್ಯವಹಾರದಲ್ಲಿ ಎಲ್ಲರಿಗೂ ಗೊತ್ತಿರೋ ಹೆಸರು ಅಮೆರಿಕದ ಒಡಿಸ್ಸಿ ಮರೀನ್. ಷೇರುಪೇಟೆಯಲ್ಲಿರೋ ಕಂಪನಿ, ಲೆಕ್ಕಪತ್ರ ಎಲ್ಲಾ ಬಹಿರಂಗ. ಅವರ ದೊಡ್ಡ ಗೆಲುವು ಎಸ್‌ಎಸ್ ಗೇರ್‌ಸೊಪ್ಪ, ನಮ್ಮ ಗೇರುಸೊಪ್ಪೆಯದೇ ಹೆಸರಿನ ಹಡಗು. ಕಲ್ಕತ್ತೆಯಿಂದ ಹೊರಟಿದ್ದ ಅದನ್ನ 1941ರ ಫೆಬ್ರುವರಿಯಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತ್ತು. ಒಡಿಸ್ಸಿ ಸುಮಾರು 4,700 ಮೀಟರ್ ಆಳದಿಂದ 2012 ಮತ್ತು 2013ರಲ್ಲಿ ಸುಮಾರು 110 ಟನ್ ಬೆಳ್ಳಿ ಎತ್ತಿತು. ತಾಂತ್ರಿಕವಾಗಿ ನಿಜಕ್ಕೂ ಅದ್ಭುತ ಕೆಲಸ. ಆದರೂ ಆ ಎರಡೂ ವರ್ಷದ ಲೆಕ್ಕ ನಷ್ಟದಲ್ಲೇ ಮುಗೀತು. 2015ರಲ್ಲಿ ಹಡಗಿನ ವ್ಯವಹಾರವನ್ನ ಬೇರೆಯವರಿಗೆ ವಹಿಸಿತು. 2016ರಲ್ಲಿ ಹನ್ನೆರಡು ಷೇರು ಸೇರಿಸಿ ಒಂದು ಮಾಡಿತು. ಈಗ ಅದರ ಗಮನ ಇರೋದು ಸಮುದ್ರತಳದ ಖನಿಜದ ಮೇಲೆ. ಇಷ್ಟು ದೊಡ್ಡ ಗೆಲುವು ಷೇರುದಾರರವರೆಗೆ ಬರಲಿಲ್ಲ ಅನ್ನೋದನ್ನ ದಯವಿಟ್ಟು ಗಮನಿಸಿ.

ಸರಕು ವಿಮೆಯ ಕ್ಲೇಮ್ ನೋಡುತ್ತಿದ್ದವರು

ಮೇಲಿನವರು ಖರ್ಚಿನ ಕಡೆಯಿಂದ ಹೇಳಿದರು. ನಾನು ಒಡೆತನದ ಕಡೆಯಿಂದ ಹೇಳುತ್ತೇನೆ, ಏಕೆಂದರೆ ನನ್ನ ಪ್ರಕಾರ ದುಡ್ಡು ಮುಳುಗುವುದು ಇಲ್ಲೇ.

ಹಡಗು ಮುಳುಗಿದ ಮಾತ್ರಕ್ಕೆ ಸರಕು ಅನಾಥವಾಗುವುದಿಲ್ಲ. ವಿಮೆಯ ಹಣ ಕೊಟ್ಟವರಿಗೆ ಅದರ ಹಕ್ಕು ಹೋಗುತ್ತದೆ. ಯುದ್ಧಕಾಲದ ವಿಮೆಯನ್ನು ಸರ್ಕಾರವೇ ಕೊಟ್ಟಿದ್ದರೆ ಸರ್ಕಾರಕ್ಕೆ. ಎತ್ತಿದವನಿಗೆ ಸಿಗುವುದು ಸಾಲ್ವೇಜ್ ಸಂಭಾವನೆ, ಅಂದರೆ ಎತ್ತಿಕೊಟ್ಟ ಕೆಲಸದ ಪ್ರತಿಫಲ, ಅದೂ ಎತ್ತಿದರೆ ಮಾತ್ರ. ಗೇರ್‌ಸೊಪ್ಪ ಸಲೀಸಾಗಿ ಮುಗಿದದ್ದು ಏಕೆಂದರೆ ಬ್ರಿಟಿಷ್ ಸರ್ಕಾರದೊಂದಿಗೆ ಮೊದಲೇ ಒಪ್ಪಂದವಾಗಿತ್ತು: ಖರ್ಚು ಕಳೆದು ಉಳಿದದ್ದರಲ್ಲಿ ಎತ್ತಿದವರಿಗೆ ಶೇ. 80.

ಒಪ್ಪಂದವಿಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅದೇ ಕಂಪನಿಯ ಇನ್ನೊಂದು ಪ್ರಕರಣವಿದೆ. 2007ರಲ್ಲಿ ಅಟ್ಲಾಂಟಿಕ್‌ನಲ್ಲಿ ಸಿಕ್ಕ ಹಡಗಿನಿಂದ ಸುಮಾರು 17 ಟನ್ ನಾಣ್ಯ ಎತ್ತಿ ಫ್ಲಾರಿಡಾಕ್ಕೆ ವಿಮಾನದಲ್ಲಿ ತಂದರು. 50 ಕೋಟಿ ಡಾಲರ್ ಬೆಲೆ ಎಂಬ ಅಂದಾಜು ಹರಿದಾಡಿತು. ಅದು 1804ರಲ್ಲಿ ಮುಳುಗಿದ ತನ್ನ ಯುದ್ಧನೌಕೆ ಮರ್ಸಿಡಿಸ್ ಎಂದು ಸ್ಪೇನ್ ದಾವೆ ಹೂಡಿತು. ಒಂದು ದೇಶದ ಯುದ್ಧನೌಕೆಯ ಮೇಲೆ ಇನ್ನೊಂದು ದೇಶದ ಕೋರ್ಟು ಕೈ ಹಾಕುವಂತಿಲ್ಲ ಎಂಬ ತತ್ವ ಗೆದ್ದಿತು. 2012ರ ಫೆಬ್ರುವರಿಯಲ್ಲಿ ಸ್ಪೇನಿನ ಎರಡು ಮಿಲಿಟರಿ ವಿಮಾನಗಳು ಬಂದು ಎಲ್ಲ ನಾಣ್ಯವನ್ನೂ ಹೊತ್ತುಕೊಂಡು ಹೋದವು. ಹುಡುಕಿದ ಖರ್ಚು, ಎತ್ತಿದ ಖರ್ಚು, ಐದು ವರ್ಷದ ವಕೀಲರ ಖರ್ಚು ಎಲ್ಲವೂ ಕಂಪನಿಯ ತಲೆಯ ಮೇಲೆ.

ತಿಲಾವಾ ಪ್ರಕರಣ ಇನ್ನೂ ಹೊಸದು. ಬಾಂಬೆಯಿಂದ ಡರ್ಬನ್‌ಗೆ ಹೊರಟಿದ್ದ ಪ್ರಯಾಣಿಕರ ಹಡಗು, 1942ರ ನವೆಂಬರ್‌ನಲ್ಲಿ ಜಪಾನಿ ದಾಳಿಗೆ ಸಿಕ್ಕಿ ಮುಳುಗಿತು, 280 ಜನ ಸತ್ತರು. ಅದರಲ್ಲಿ ನಾಣ್ಯ ಟಂಕಿಸಲು ದಕ್ಷಿಣ ಆಫ್ರಿಕಾ ಕೊಂಡಿದ್ದ 2,364 ಬೆಳ್ಳಿ ಗಟ್ಟಿಗಳಿದ್ದವು. 2017ರಲ್ಲಿ ಅರ್ಜೆಂಟಮ್ ಎಂಬ ಕಂಪನಿ ಅವನ್ನು ಎತ್ತಿ ಇಂಗ್ಲೆಂಡಿಗೆ ತಂದಿತು. ಇದು ಯುದ್ಧನೌಕೆ ಅಲ್ಲ, ಸಂಭಾವನೆಗೆ ತೊಂದರೆಯಿಲ್ಲ ಎಂದು ಬಹಳ ಮಂದಿ ನಂಬಿದ್ದರು, ಕೆಳಗಿನ ಕೋರ್ಟುಗಳೂ ಹಾಗೇ ಹೇಳಿದ್ದವು. 2024ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ದಕ್ಷಿಣ ಆಫ್ರಿಕಾದ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಎರಡೂ ಕಡೆಯವರು ರಾಜಿಗೆ ಬಂದಿದ್ದರು. ಆದರೆ ಬೆಳ್ಳಿ ದಡ ಸೇರಿ ಏಳು ವರ್ಷವಾಗಿತ್ತು. ಆ ಏಳು ವರ್ಷ ಹೂಡಿಕೆದಾರನ ಹಣಕ್ಕೆ ಬಡ್ಡಿ ಯಾರು ಕೊಡುತ್ತಾರೆ?

ನನ್ನ ಸಲಹೆ ಇಷ್ಟೇ. ಕಂಪನಿಯನ್ನು "ಯಾವ ಹಡಗು" ಎಂದು ಕೇಳುವ ಮೊದಲು "ಯಾರ ಸರಕು, ಅವರ ಸಹಿ ಎಲ್ಲಿದೆ" ಎಂದು ಕೇಳಿ.

ಸರ್ವೇ ಹಡಗಿನಲ್ಲಿ ಕೆಲಸ ಮಾಡಿದವರು

ನಾನು ಸಾಲ್ವೇಜ್ ಮಾಡಿಲ್ಲ, ಆದರೆ ಅದೇ ಥರದ ರೋಬೋಟ್ ಇಳಿಸೋ ಹಡಗಲ್ಲಿ ಇದ್ದೆ. ನಾಲ್ಕು ಸಾವಿರ ಮೀಟರ್ ಅಂದ್ರೆ ರೋಬೋಟ್ ತಳ ಮುಟ್ಟೋಕೇ ಗಂಟೆಗಟ್ಟಲೆ ಬೇಕು. ಕೆಳಗೆ ಒಂದು ತಗಡು ಸರಿಸಿದ್ರೆ ಕೆಸರು ಎದ್ದು ಪರದೆ ಪೂರ್ತಿ ಬೂದಿ ಬಣ್ಣ. ಅದು ತಿಳಿಯಾಗೋವರೆಗೆ ಕಂಟ್ರೋಲ್ ರೂಮಲ್ಲಿ ಯಾರೂ ಲಿವರ್ ಮುಟ್ಟಲ್ಲ, ಸುಮ್ಮನೆ ಪರದೆ ನೋಡ್ತಾ ಕೂತಿರ್ತಾರೆ. ಮೇಲೆ ಅಲೆ ಜಾಸ್ತಿಯಾದ್ರೆ ಕೇಬಲ್ ಹರಿಯೋ ಭಯಕ್ಕೆ ಎಲ್ಲಾ ವಾಪಸ್. ಹಡಗು ಸುಮ್ಮನೆ ತೇಲ್ತಿರುತ್ತೆ, ಬಾಡಿಗೆ ಮಾತ್ರ ನಿಲ್ಲಲ್ಲ. ಗೇರ್‌ಸೊಪ್ಪ ಬೆಳ್ಳಿ ಎರಡು ಬೇಸಿಗೆ ತಗೊಂಡಿದ್ದು ಉತ್ತರ ಅಟ್ಲಾಂಟಿಕ್ ಚಳಿಗಾಲದಲ್ಲಿ ಯಾರ ಮಾತೂ ಕೇಳಲ್ಲ ಅನ್ನೋದಕ್ಕೇ.

ಆದ್ರಿಂದ ಕಂಪನಿಗೆ ಸ್ವಂತ ಹಡಗಿದೆಯಾ, ಬಾಡಿಗೆಯದಾ, ಹವಾಮಾನಕ್ಕೆ ಅಂತ ಎಷ್ಟು ದಿನ ಬಜೆಟ್‌ನಲ್ಲಿ ಇಟ್ಟಿದ್ದಾರೆ ಕೇಳಿ. ಇನ್ನೊಂದು ಮಾತು, ಅಲ್ಲಿ ಸತ್ತವರೂ ಇದ್ದಾರೆ. ಅದನ್ನ ಗೌರವದಿಂದ ನೋಡದ ಕಂಪನಿಗೆ ನಾನಂತೂ ಒಂದು ಪೈಸೆ ಹಾಕಲ್ಲ.

ಪಾಲು ಬಂಡವಾಳದ ಬಗ್ಗೆ ಒಬ್ಬರು

ಒಂದೇ ಹಡಗಿನ ಪಾಲಿನ ಬಗ್ಗೆ ಯಾರೂ ಹೇಳಲಿಲ್ಲ. 1857ರಲ್ಲಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ ಸೆಂಟ್ರಲ್ ಅಮೆರಿಕ ಹಡಗಿನ ಕಥೆ ಓದಿ. 161 ಹೂಡಿಕೆದಾರರು ಸುಮಾರು 1.27 ಕೋಟಿ ಡಾಲರ್ ಹಾಕಿದ್ದರು. 1988ರಲ್ಲಿ ಹಡಗು ನಿಜವಾಗಿ ಸಿಕ್ಕಿತು, ಚಿನ್ನವೂ ನಿಜವಾಗಿ ಬಂತು. 39 ವಿಮಾ ಕಂಪನಿಗಳು ಕೋರ್ಟಿಗೆ ಬಂದವು. ಚಿನ್ನದ ಶೇ. 90ಕ್ಕೂ ಹೆಚ್ಚು ಹುಡುಕಿದವರಿಗೇ ಎಂದು ತೀರ್ಮಾನವಾಯಿತು. ಸುಮಾರು 5 ಕೋಟಿ ಡಾಲರ್‌ಗೆ ಚಿನ್ನ ಮಾರಾಟವಾದರೂ ಹಣ ಸಾಲಕ್ಕೆ, ವಕೀಲರಿಗೆ ಹೋಯಿತು ಎಂದು ಹುಡುಕಿದ ತಂಡದವರು ಹೇಳಿದರು. ಹೂಡಿಕೆದಾರರು 2005ರಲ್ಲಿ ದಾವೆ ಹೂಡಬೇಕಾಯಿತು. ತಂಡದ ನಾಯಕ ತಲೆಮರೆಸಿಕೊಂಡು 2015ರಲ್ಲಿ ಸಿಕ್ಕಿಬಿದ್ದರು.

ಅಲ್ಲಿ ಚಿನ್ನವಾದರೂ ಇತ್ತು. ಪೋರ್ಟ್ ನಿಕೋಲ್ಸನ್ ಎಂಬ 1942ರ ಹಡಗಿನಲ್ಲಿ ಕೋಟಿಗಟ್ಟಲೆ ಡಾಲರ್‌ನ ಪ್ಲಾಟಿನಂ ಇದೆಯೆಂದು ಹೂಡಿಕೆದಾರರಿಂದ ಹಣ ಎತ್ತಿದರು. ತೋರಿಸಿದ ದಾಖಲೆಯನ್ನೇ ತಿದ್ದಲಾಗಿತ್ತು. ಸರಕಿನ ಪಟ್ಟಿಯ ಪ್ರತಿಯನ್ನು ಕಂಪನಿಯಿಂದ ತೆಗೆದುಕೊಳ್ಳಬೇಡಿ, ದಾಖಲೆಗಳು ಇರುವ ಪತ್ರಾಗಾರದಿಂದಲೇ ತರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಪಾಲು ಕೇಳ್ತಿರೋರ ಹತ್ತಿರ ಒಪ್ಪಂದದ ಪ್ರತಿ ಕೇಳಿದೆ, "ಎತ್ತಿದ ಮೇಲೆ ಮಾತಾಡ್ತೀವಿ" ಅಂದ್ರು. ಅದನ್ನ ಬಿಟ್ಟೆ. ಷೇರಿನ ವಿಷಯ ಇನ್ನೂ ಯೋಚನೆ ಮಾಡ್ತಿದ್ದೀನಿ. ನೂರು ವರ್ಷದ ನಿಯಮ ಅಂತ ಏನೋ ಇದೆಯಲ್ಲ, ಅದೇನು?

ಸರಕು ವಿಮೆಯ ಕ್ಲೇಮ್ ನೋಡುತ್ತಿದ್ದವರು

ಬಿಟ್ಟದ್ದು ಒಳ್ಳೆಯದಾಯಿತು. ನೀವು ಕೇಳುತ್ತಿರುವುದು ಯುನೆಸ್ಕೋದ 2001ರ ಒಪ್ಪಂದ, 2009ರಿಂದ ಜಾರಿಯಲ್ಲಿದೆ. ನೂರು ವರ್ಷ ನೀರಿನಡಿ ಇದ್ದ ಹಡಗು, ಸರಕು ಪರಂಪರೆಯ ಆಸ್ತಿಯಾಗುತ್ತದೆ, ಮಾರಾಟಕ್ಕಾಗಿ ಎತ್ತುವಂತಿಲ್ಲ. ಸ್ಪೇನ್, ಪೋರ್ಚುಗಲ್, ಫ್ರಾನ್ಸ್ ಒಪ್ಪಿವೆ. ಅಮೆರಿಕ, ಬ್ರಿಟನ್ ಒಪ್ಪಿಲ್ಲ. ಬೆಳ್ಳಿ ತುಂಬಿದ ಎರಡನೇ ಮಹಾಯುದ್ಧದ ಹಡಗುಗಳು 2040ರ ಆಸುಪಾಸಿನಿಂದ ಒಂದೊಂದಾಗಿ ಆ ಗಡಿ ದಾಟುತ್ತವೆ. ಹಾಗಾಗಿ ಷೇರು ಕೊಳ್ಳುವುದಾದರೆ ಅವರ ಪಟ್ಟಿಯ ಹಡಗುಗಳು ಮುಳುಗಿದ ವರ್ಷ ಯಾವುದು, ಎತ್ತಿದ ಸರಕನ್ನು ಯಾವ ದೇಶದ ಬಂದರಿಗೆ ಇಳಿಸುತ್ತಾರೆ, ಇವೆರಡನ್ನೂ ಬರವಣಿಗೆಯಲ್ಲಿ ಕೇಳಿ.